ದಾಸ್ತಾನು ಪುಸ್ತಕ

ಜೀಪು ಎರಡು. ಬೈಕು ಮೂರು, ಒಂದಕ್ಕೆ ಕಿಕ್ಕರಿಲ್ಲ.
ಲಾಠಿ ನಲವತ್ತು. ಬೆತ್ತದ ಗುರಾಣಿ ಹನ್ನೆರಡು,
ಇಲಿ ಕಡಿದದ್ದು ನಾಲ್ಕು.
ಇಷ್ಟರ ಕೆಳಗೆ ಗೆರೆಯೆಳೆದು
ಹದಿನಾಲ್ಕು ವರ್ಷದಿಂದ ಸಹಿ ಹಾಕುತ್ತಿದ್ದೇನೆ,
ಪೊನ್ನಂಪೇಟೆ ಠಾಣೆಯ ರೈಟರ್ ನಾನು.

ಅದು ಬಂದದ್ದು ಒಂದು ಬುಧವಾರ,
ಗೋಣಿಕೊಪ್ಪದ ತಿರುವಿನಲ್ಲಿ
ಬಾಳೆಹಣ್ಣಿನಂಗಡಿಯ ತಗಡಿನ ಸೂರು ಕಿತ್ತುಕೊಂಡು.
ಎಂಟು ಟನ್ನು. ಕಿಟಕಿಯೆಂದರೆ
ಅಂಚೆಡಬ್ಬಿಯ ಬಾಯಷ್ಟು ಕಿಂಡಿ.
ಸೇನೆಗೆ ಸಾಕಾದದ್ದು, ನಮಗೆ ಹೊಸತು.
ಜೊತೆಗೆ ಹೆಲ್ಮೆಟ್ ಇಪ್ಪತ್ತು,
ಕತ್ತಲಲ್ಲಿ ಕಾಣುವ ದುರ್ಬೀನು ಎರಡು, ಬ್ಯಾಟರಿ ಬಂದಿಲ್ಲ.
ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
'ಇತರೆ' ಎಂದು ಬರೆದೆ,
ಹರಾಜಾಗದ ಕಳ್ಳಬೀಟೆಯ ದಿಮ್ಮಿಯ ಕೆಳಗೆ.

"ನಮಗ್ಯಾಕೆ ಸಾರ್ ಇದು?" ಡ್ರೈವರ್ ಶಿವನಂಜ ಕೇಳಿದ.
"ಕೊಟ್ಟಿದ್ದಾರೆ."
ಕೊಟ್ಟದ್ದನ್ನು ಬೇಡವೆನ್ನುವ ನಮೂನೆ
ಇನ್ನೂ ಅಚ್ಚಾಗಿಲ್ಲ.

ಚುನಾವಣೆ ಬಂತೆಂದರೆ ಊರಿನ ಕೋವಿಗಳಿಗೆಲ್ಲ
ನಮ್ಮಲ್ಲೇ ನಿದ್ದೆ.
ತಮ್ಮದನ್ನು ಒಪ್ಪಿಸಲು ಬಂದ ಪೆಮ್ಮಯ್ಯ ಹವಾಲ್ದಾರರು
ರಸೀದಿ ಮಡಚಿ ಜೇಬಿಗಿಟ್ಟು
ಅದರ ಮುಂದೆ ನಿಂತರು ಬಹಳ ಹೊತ್ತು.
ಗೆಣ್ಣಿನಿಂದ ಎರಡು ಸಲ ತಟ್ಟಿದರು,
ಹಲಸು ಬಲಿತಿದೆಯೇ ಎಂದು ನೋಡುವ ಹಾಗೆ.
ಹೊಸ ನೀಲಿಯಡಿ ಹಸಿರು, ಹಸಿರಿನಡಿ
ಮೊಳೆಯಲ್ಲಿ ಗೀಚಿದ ಯಾರದೋ ಹೆಸರು, ಹಿಂದಿಯಲ್ಲಿ, ಅರ್ಧ.
ಉಳಿದರ್ಧ ಗೀಚುವ ಮೊದಲು ಯಾರೋ ಕರೆದಿರಬೇಕು.
"ಇದರೊಳಗೆ ಕೂತವನಿಗೆ," ಅಂದರು,
"ಹೊರಗಿನವರೆಲ್ಲ ಒಂದೇ ಥರ ಕಾಣ್ತಾರೆ ಮಗಳೇ.
ಅವನ ತಪ್ಪಲ್ಲ. ಕಿಂಡಿ ಇರೋದೇ ಅಷ್ಟು."

ಕೈಲ್‌ಪೊಳ್ದ್ ದಿನ ಯಾರೋ ಅದರ ಮೂತಿಗೆ
ತೋಕ್ ಪೂ ಸಿಕ್ಕಿಸಿ ಹೋಗಿದ್ದರು.
ಬಾಡುವವರೆಗೂ ಯಾರೂ ತೆಗೆಯಲಿಲ್ಲ.

ಹೊರಟದ್ದು ಒಂದೇ ಸಲ.
ಹಾಡಿಯವರು ಹಕ್ಕುಪತ್ರ ಕೇಳಿ
ತಾಲೂಕು ಕಚೇರಿಯೆದುರು ಕೂತ ಆರನೆಯ ದಿನ.
ನಲವತ್ತು ಜನ, ಹೆಂಗಸರೇ ಹೆಚ್ಚು, ಒಂದು ಗಂಜಿಪಾತ್ರೆ.
ಇಂಜಿನ್ ಆರಿಸದೆ ಎದುರಿಗೆ ನಿಂತೆವು.
ಮಹಿಳಾ ಸಿಬ್ಬಂದಿ ಬೇಕೆಂದು ನಾನೂ ಒಳಗೆ.
ಕಿಂಡಿಗೆ ಕಣ್ಣಿಟ್ಟೆ:
ಸೀರೆಯ ಅಂಚು, ಕಾಲು, ಪಾತ್ರೆಯ ಕಂಠ.
ಮುಖ ಬೇಕೆಂದರೆ ಬಗ್ಗಬೇಕು,
ಬಗ್ಗಿದರೆ ಹೆಲ್ಮೆಟ್ಟು ತಾಗುತ್ತದೆ.
ಯಾರೂ ಏಳಲಿಲ್ಲ.
ಒಬ್ಬ ಮುದುಕ ನಮ್ಮ ಹೊಗೆಗೆ ಕೆಮ್ಮಿ
ಆಚೆ ಸರಿದು ಕೂತ, ಅಷ್ಟೇ.
ಡೀಸೆಲ್ ನಲವತ್ತೆರಡು ಲೀಟರ್.
ಕಾರಣ: ಬಂದೋಬಸ್ತ್.

ಮತ್ತೆ ಶೆಡ್ಡಿನಲ್ಲೇ ನಿಂತಿತು.
ಕಾಫಿ ಹೂವಾದ ವಾರ, ಬೀದಿಯೆಲ್ಲ ಅದರದೇ ವಾಸನೆ,
ತುಡುವೆ ಜೇನು ಕಿಂಡಿಯಿಂದ ಒಳಹೊಕ್ಕು
ಸೀಟಿನಡಿ ಸಂಸಾರ ಹೂಡಿತು.
ಶಿವನಂಜನ ತುಟಿ ಊದಿ ಬಜ್ಜಿಯಾಯಿತು.
ಇಪ್ಪತ್ತು ಹೆಲ್ಮೆಟ್ಟು, ಎಂಟು ಗುರಾಣಿ
ಪೇರಲೆ ಮರದ ಹಿಂದೆ ಸಾಲುಗಟ್ಟಿದವು.
ಹಾಡಿಗೆ ಜೀಪು ಕಳಿಸಿದೆವು.

ಇಳಿದವನು ಅದೇ ಮುದುಕ, ಮಾಸ್ತಿ.
ಕೈಯಲ್ಲೊಂದು ಹಿಡಿ ಹಸಿಸೊಪ್ಪು, ಕಿವಿಯ ಮೇಲೆ ಬೀಡಿ.
ವಾಹನವನ್ನು ಮೇಲಿಂದ ಕೆಳಗೆ ನೋಡಿದ. ಏನೂ ಅನ್ನಲಿಲ್ಲ.
ಬರಿಮೈಯಲ್ಲಿ ಒಳಗೆ ತೂರಿದ,
ಹೊಗೆ ಹಾಕಿದ, ಅದರೊಡನೆ ಏನೋ ಮಾತಾಡಿದ.
ಒಮ್ಮೆ ಕಿಂಡಿಯಲ್ಲಿ ಅವನ ಕಣ್ಣು ಕಂಡಿತು.
ನಾನು ಹೊರಗಿದ್ದೆ.

"ಬಾಗಿಲು ತೆಗೆದಿಡಿ ಅಮ್ಮಾ," ಅಂದ ಇಳಿದು ಬಂದು,
"ಮುಚ್ಚಿಟ್ಟಿದ್ದಕ್ಕೇ ಬಂದದ್ದು ಅವು."
ಕೂಲಿ ಇನ್ನೂರು. ವೋಚರ್ ಬರೆದು
ಹೆಬ್ಬೆಟ್ಟಿಗೆಂದು ಇಂಕ್‌ಪ್ಯಾಡ್ ಮುಂದೂಡಿದೆ.
ಪೆನ್ನು ಕೇಳಿದ.
ಮೂರಕ್ಷರ ಆಗದ ಹೆಸರನ್ನು ನಿಧಾನವಾಗಿ,
ಗೆರೆ ದಾಟದಂತೆ, ಪೂರ್ತಿ ಬರೆದ.

ಆಮೇಲೆ ಕೇಳಿದ: "ನಮ್ಮ ಅರ್ಜಿ ಎಲ್ಲಿಗೆ ಬಂತು?"

ಅದು ತಾಲೂಕು ಕಚೇರಿಯದ್ದು, ಅಂದೆ. ನಮಗೆ ಸಂಬಂಧ ಇಲ್ಲ.

"ಹೌದಾ?" ಅಂದ ಮಾಸ್ತಿ, ಬೆರಳಿನ ಜೇನು ನೆಕ್ಕುತ್ತಾ.
"ಅವತ್ತು ಬಂದದ್ದು ನೀವೇ ಅಲ್ಲವಾ?"