ಹಿಂದಿನ ಚಕ್ರದ ಮರಳು

ಹಲಸೂರಿನ ಜಬ್ಬಾರ್ ಸಾಬರು
ಹಿಂದಿನ ಚಕ್ರ ಬಿಚ್ಚಿ, ಆಕ್ಸಲ್ ತಿರುವಿ,
ಹಳೇ ಪೇಪರಿನ ಮೇಲೆ ಕೊಡವಿದರು.
ಗ್ರೀಸಿನ ಜೊತೆ ಬಿತ್ತು
ಅರ್ಧ ಚಮಚದಷ್ಟು ಕೊಲ್ಲಿ.

"ಎಲ್ಲಿಗೆ ಓಡಿಸಿದ್ರಿ ಇದನ್ನ?"

ಹೇಳಿದೆ: ಇಳಿತದ ಹೊತ್ತು ಮರಳು ಸಿಮೆಂಟಿನಷ್ಟು ಗಟ್ಟಿ,
ಬಂಡೆಯಿಂದ ಬಂಡೆಗೆ ಬಾಗಿದ ದಡದುದ್ದ
ಬ್ರೇಕು ಮುಟ್ಟದೆ ಹೋದೆ;
ಹಾರನ್ ಇಲ್ಲದೆಯೇ ಏಡಿಗಳು ದಾರಿ ಬಿಟ್ಟವು.
ಗರುಡವೊಂದು ತನ್ನ ನೆರಳನ್ನೇ ಮುಟ್ಟಿ
ಮೀನೆತ್ತಿತು.
ಮಧ್ಯಾಹ್ನ ಗುಲಾಬಕ್ಕನ ಚಪ್ಪರದಲ್ಲಿ
ಮರುವಾಯಿ ಸುಕ್ಕ. ಚಿಪ್ಪು ಎಣಿಸಿದೆ, ಅರವತ್ತೆರಡು.

ಅವರು ಕತ್ತೆತ್ತಲಿಲ್ಲ.
ವಯಸ್ಸು ಐವತ್ತೆಂಟು, ಸಮುದ್ರ ನೋಡಿಲ್ಲವಂತೆ;
ಇಲ್ಲಿ ಕೆರೆಯ ಬೇಲಿಯಾಚೆ ಅಲೆ ಏಳುವುದು
ಬೋಟು ಹೊರಟರೆ ಮಾತ್ರ.
ಒಂದು ಕಾಳು ನಾಲಿಗೆಗಿಟ್ಟುಕೊಂಡರು. ಉಗಿದರು.
"ಉಪ್ಪೆಲ್ಲಿ ಬಂತು, ಬರೀ ಗ್ರೀಸು."

ಆಮೇಲೆ ಪೇಪರು ಮಡಚುವಾಗ
ಬಾಲ್ಸಿನ ಡಬ್ಬಿಯ ಮುಚ್ಚಳಕ್ಕೆ
ಮರಳು ಸುರಿದು ಗೂಡಿನಲ್ಲಿಟ್ಟರು,
ಬೀಡಿ ಕಟ್ಟಿನ ಪಕ್ಕ.

"ಚೈನು ಹೋಯ್ತು. ಇನ್ನೂರೈವತ್ತು.
ಮುಂದಿನ ಸಲ ನೀರಿಗಿಳಿಸಬೇಡಿ."
ಸೀಟು ಒರೆಸುತ್ತಾ ಒರೆಸುತ್ತಾ
"ಅಲ್ಲಿಗೆ ಎಷ್ಟು ಕಿಲೋಮೀಟರು?"