ಏಳು ಮತ್ತು ಇಪ್ಪತ್ತಮೂರು

ಹಾರ್ಶಮ್ ದಾಟಿ ನಲವತ್ತು ಕಿಲೋಮೀಟರಿಗೆ
ಗೋಧಿಯ ಸೈಲೋ, ಅದರ ಬುಡಕ್ಕೆ ವೇಬ್ರಿಡ್ಜ್,
ಪಕ್ಕದಲ್ಲಿ ತಗಡಿನ ಕೋಣೆ, ಕೋಣೆಯೊಳಗೆ ನೋರೀನ್,
ಅವಳ ಮೇಜಿನ ಕೆಳಗೆ ಮೂವತ್ತು ವರ್ಷದ ಪೆಟ್ಟಿಗೆ.
"ಮರೆವು ಹಿಡಿದಿದೆ ಇದಕ್ಕೆ," ಎಂದಳು. "ಅದೂ ಮಧ್ಯಾಹ್ನ ಮಾತ್ರ."

ನಿನ್ನೆ ಏಳನೇ ನಂಬರಿನ ಲಾರಿ, ಕ್ಲೆಮ್ ಪೋಲ್ನರನದು,
ತುಂಬಿ ಬಂದಾಗ ನಲವತ್ತೊಂದು ಸಾವಿರದ ಇನ್ನೂರ ಅರವತ್ತು ಕಿಲೋ.
ಸುರಿದು, ಖಾಲಿಯಾಗಿ, ಮರಳಿ ಹತ್ತಿ ಚೀಟಿ ಹರಿದುಕೊಂಡರೆ
ಒಂದು ಟನ್ ಮುನ್ನೂರ ಎಂಬತ್ತು ಕಿಲೋ ಗಾಳಿಗೆ.
ನಡುವೆ ಹತ್ತಿದ್ದು ಒಂದೇ ಲಾರಿ: ಇಪ್ಪತ್ತಮೂರು.
ತಮ್ಮ ರಾಸ್‌ನದು.
ಒಂದು ಬೇಲಿಗಂಬದ ವಿಚಾರಕ್ಕೆ ಹನ್ನೊಂದು ವರ್ಷದಿಂದ
ಇಬ್ಬರ ನಡುವೆ ಮಾತಿಲ್ಲ.

ಪೆಟ್ಟಿಗೆ ತೆರೆದೆ. ಸತ್ತ ನೊಣ, ಗೋಧಿಯ ಹೊಟ್ಟು,
ಹಸಿರು ಹಲಗೆಯ ಮೇಲೆ ನಲವತ್ತು ಕಾಲಿನ ಚಿಪ್.
ಲೆಕ್ಕ ಬಲ್ಲದು; ನೆನಪು ಮಾತ್ರ ಒಂದು ಬೊಗಸೆ,
ನೂರಿಪ್ಪತ್ತೆಂಟು ಬೈಟು. ಉಳಿದದ್ದನ್ನೆಲ್ಲ
ನಾಲ್ಕು ಬೆರಳಾಚೆ ಕೂತ ಇನ್ನೊಂದು ಚಿಪ್‌ನಲ್ಲಿ ಇಡಬೇಕು,
ಬೇಕಾದಾಗ ಕೇಳಿ ಪಡೆಯಬೇಕು.

ದಾರಿ ಎಂಟೇ ತಂತಿ. ಅದರಲ್ಲೇ ವಿಳಾಸ, ಅದರಲ್ಲೇ ಸರಕು.
ಮೊದಲು "ಯಾರ ಮನೆ" ಎಂಬುದು ಹೋಗುತ್ತದೆ;
ನಡುವೆ ನಿಂತ ಲ್ಯಾಚ್ ಅದನ್ನು ಗಪ್ಪನೆ ಹಿಡಿದು
ಮುಷ್ಟಿ ಬಿಗಿಯುತ್ತದೆ. ಆಮೇಲೆ ಅದೇ ತಂತಿಗಳಲ್ಲಿ
"ಇಗೋ ತೂಕ."
ಬಾಗಿಲು ತೋರಿಸಿದವನೇ ಮೂಟೆ ಹೊತ್ತು ಬರುವಾಗ
ಆ ಬಾಗಿಲನ್ನು ಯಾರಾದರೂ ತೋರಿಸುತ್ತಲೇ ಇರಬೇಕಲ್ಲ.

ಅದೇ ದಾರಿಗೆ ಪ್ರಿಂಟರ್ ಕೂಡ, ಕೆಂಪಂಕಿಯ ಫಲಕ ಕೂಡ,
ಸೇತುವೆಯಡಿಯ ಒತ್ತಡವನ್ನು ಅಂಕಿ ಮಾಡುವವನೂ.
ಹೆಸರು ಕರೆದವರು ಮಾತ್ರ ಬಾಯಿ ಬಿಡಬೇಕು,
ಉಳಿದವರು ತಂತಿ ಹಿಡಿದೇ ತಂತಿ ಬಿಟ್ಟಂತಿರಬೇಕು.
ಮೌನವಲ್ಲ ಅದು, ಇಲ್ಲದಿರುವುದು.
ಮದುವೆ ಊಟದ ಪಂಕ್ತಿಗೂ ಇಷ್ಟು ಶಿಸ್ತಿಲ್ಲ.

ರಾತ್ರಿ ಹತ್ತಕ್ಕೆ ಎಲ್ಲ ಸರಿ. ಹನ್ನೊಂದಕ್ಕೂ ಸರಿ.
ಏಳಕ್ಕೆ ಬರೆದೆ, ಏಳರಿಂದ ಓದಿದೆ. ಇಪ್ಪತ್ತಮೂರಕ್ಕೂ ಹಾಗೇ.
"ಬಿಸಿಲು ಬೇಕೇನೋ ಇದಕ್ಕೆ," ಎಂದೆ.
ನೋರೀನ್ ಮನೆಗೆ ಹೋಗಿ ಹೇರ್ ಡ್ರೈಯರ್ ತಂದಳು,
ಮೊಮ್ಮಗಳದು, ನೇರಳೆ ಬಣ್ಣ, ಹಿಡಿಯ ಮೇಲೊಂದು ಕುದುರೆಯ ಸ್ಟಿಕ್ಕರ್.
ಊದಿದೆ.

ಏಳಕ್ಕೆ ಸಾವಿರ ಬರೆದೆ. ಇಪ್ಪತ್ತಮೂರಕ್ಕೆ ಎರಡು ಸಾವಿರ.
ಏಳನ್ನು ಕೇಳಿದೆ:
ಎರಡು ಸಾವಿರ.

ಏಳೆಂದರೆ ನಾಲ್ಕು, ಎರಡು, ಒಂದು.
ಇಪ್ಪತ್ತಮೂರೆಂದರೆ ಅವೇ ಮೂರು, ಜೊತೆಗೊಂದು ಹದಿನಾರು.
ಆ ಹದಿನಾರನ್ನು ಹೊರುವ ತಂತಿ ಒಂದೇ ಒಂದು.
ಲ್ಯಾಚ್‌ನ ಕಾಲಿನ ಬೆಸುಗೆಯಲ್ಲಿ, ಭೂತಗನ್ನಡಿಗೆ ಮಾತ್ರ ಕಾಣುವ
ಉಂಗುರದಂಥ ಬಿರುಕು. ತಂಪಿಗೆ ಕೂಡುತ್ತದೆ,
ನಲವತ್ತೆರಡು ಡಿಗ್ರಿಗೆ ಬಿಡುತ್ತದೆ.
ಬಿಟ್ಟಾಗ ಹದಿನಾರು ಉದುರಿ
ತಮ್ಮ ನೇರ ಅಣ್ಣನ ಮನೆಗೇ ಬಂದು
ಅಣ್ಣನ ಮೂಟೆಯ ಮೇಲೆ ತನ್ನದನ್ನು ಇಳಿಸುತ್ತಾನೆ,
ತನಗೇ ಗೊತ್ತಿಲ್ಲದೆ.

"ಅಂದರೆ ಇವರಿಬ್ಬರೂ," ಎಂದಳು ನೋರೀನ್, ಚೀಟಿ ಮಡಿಸುತ್ತ,
"ಇಡೀ ಮಧ್ಯಾಹ್ನ ಒಂದೇ ಕಡೆ ಇದ್ದರು."
ಇದ್ದರು.
"ಈಗ ನೀನು ಬೇರೆ ಮಾಡುತ್ತೀ."
ನನಗೆ ಸಂಬಳ ಕೊಡುವುದೇ ಅದಕ್ಕೆ, ಎಂದೆ.
ಸೀಸ ಕರಗಿತು, ಹೊಗೆ ಒಂದೆಳೆ,
ಹನಿ ಕಾಲಿಗೆ ಹತ್ತಿ ಗಟ್ಟಿಯಾಯಿತು.

ಬೆಳಗಿನ ಐದಕ್ಕೇ ಹೊರಗೆ ಲಾರಿಗಳ ಸಾಲು.
ಮೊದಲನೆಯದು ಇಪ್ಪತ್ತಮೂರು. ಅದರ ಹಿಂದೆಯೇ ಏಳು.
ಇಬ್ಬರೂ ಎಂಜಿನ್ ಆರಿಸಿ, ಗಾಜು ಇಳಿಸಿ,
ಎದುರಿಗಷ್ಟೇ ನೋಡುತ್ತಿದ್ದಾರೆ.
ಗೇಟು ತೆಗೆಯುವ ಮುಂಚೆ ನಾನೇ ಸೇತುವೆ ಹತ್ತಿ ನಿಂತೆ.
ಫಲಕ ತುಸು ಯೋಚಿಸಿ ಅರವತ್ತು ಎಂದಿತು.
ಇಪ್ಪತ್ತಿಪ್ಪತ್ತಾಗಿ ಎಣಿಸುವುದು ಅದು;
ಐವತ್ತೇಳು ಎನ್ನಲು ಬರುವುದಿಲ್ಲ.