ಕಣ್ಣು ಬಿಟ್ಟು ಹುಟ್ಟಿದ್ದು

ಕನ್ನಡದಲ್ಲಿ ಎರಡಕ್ಕೂ ಮೊಲವೆಂದರೆ ಮುಗಿಯಿತು.
ಲಾ ಮಾಂಚಾದಲ್ಲಿ ಮುಗಿಯುವುದಿಲ್ಲ:
ಬಿಲದ ಕತ್ತಲಲ್ಲಿ ಬೆತ್ತಲೆ, ಕುರುಡಾಗಿ ಹುಟ್ಟುವುದು ಕೊನೆಹೊ;
ಬಟಾಬಯಲಲ್ಲಿ, ಗೋದಿಯ ಕೂಳೆಯ ನಡುವೆ
ತುಪ್ಪಳ ಹೊದ್ದು, ಕಣ್ಣು ಬಿಟ್ಟುಕೊಂಡೇ ಹುಟ್ಟುವುದು ಲಿಯೆಬ್ರೆ.

ಅರವತ್ತೈದು ವರ್ಷ
ಒಂದು ವೈರಸ್ಸೂ ಈ ಭೇದ ಪಾಲಿಸಿತ್ತು.
ಅದೇ ಹೊಲ, ಅದೇ ಸೊಳ್ಳೆ, ಅದೇ ಸಂಜೆ.
ಕೊನೆಹೊ ಸಾಯುತ್ತಿತ್ತು. ಲಿಯೆಬ್ರೆ ಕಿವಿ ನಿಮಿರಿಸಿ ನೋಡುತ್ತಿತ್ತು.

ಆಗಸ್ಟಿನಲ್ಲಿ ಸತುರ್ನಿನೊ ಗೋಣಿಚೀಲ ಹೊತ್ತು ಬಂದ.
"ಇದು ಓಡಲಿಲ್ಲ, ಡಾಕ್ಟರ್.
ಪಾವೆಸಾ ಹತ್ತಿರ ಹೋದಳು, ಮೂಸಿದಳು,
ಆಮೇಲೆ ನನ್ನ ಮುಖ ನೋಡಿದಳು."
ಬಾಗಿಲಾಚೆ ಬೇಟೆನಾಯಿ
ತಪ್ಪು ತನ್ನದೆಂಬಂತೆ ನೆಲ ನೆಕ್ಕುತ್ತಿತ್ತು.

ಲಿಯೆಬ್ರೆಗೆ ಈ ರೋಗ ಬರುವುದಿಲ್ಲ, ಅಂದಳು ಕಾಸಿಲ್ದಾ.
ಓದಿದ್ದು ಹಾಗೆ, ಊರೂರಿಗೆ ಹೇಳಿದ್ದೂ ಹಾಗೆ.
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.
ಅವನು ಗೋಣಿಯ ಬಾಯಿ ಬಿಚ್ಚಿದ.
ಕಾಲು ನಾಲ್ಕಿದ್ದವು.
ಕಣ್ಣಿರಲಿಲ್ಲ. ರೆಪ್ಪೆ ಊದಿ, ಕೀವು ಒಣಗಿ,
ಮುಖವೇ ಹೊಲಿದಿಟ್ಟ ಇನ್ನೊಂದು ಚೀಲ.

ಬಾಗಿಲ ಮಾತಲ್ಲ ಇದು.
ಸಿಡುಬಿನ ಈ ಕುಲ ಬಾಗಿಲಲ್ಲಿ ನಿಂತು ಕೇಳುವುದೇ ಇಲ್ಲ;
ಯಾರ ಜೀವಕೋಶವೇ ಆಗಲಿ, ನುಗ್ಗುತ್ತದೆ.
ತಕರಾರೆಲ್ಲ ಒಳಗೆ.
ಅಲ್ಲೊಬ್ಬ ಕಾವಲುಗಾರ; ವಾಸನೆ ಹತ್ತಿದ್ದೇ ಕೂಗುತ್ತಾನೆ,
ಒಲೆಗಳೆಲ್ಲ ಆರುತ್ತವೆ.
ಬಂದವನಿಗೂ ಅಡುಗೆಯಿಲ್ಲ, ಮನೆಯವರಿಗೂ ಇಲ್ಲ.
ಈ ಮನೆ ಉಪವಾಸ ಸತ್ತರೂ ಸರಿ, ಊರು ಉಳಿಯಲಿ.

ಬಂದವನು ಉಣ್ಣಬೇಕೆಂದರೆ ಅವನ ಸೊಂಟದಲ್ಲಿ
ಆ ಬಾಯಿಗೆಂದೇ ಅಳೆದು ಕತ್ತರಿಸಿದ ಬಟ್ಟೆಯಿರಬೇಕು.
ಆ ಬಟ್ಟೆಯೇ ಜೀನು.
ಬಿಲದವನ ಬಾಯಿ ಕಟ್ಟಿದ್ದು
ಬಯಲವನ ಬಾಯಿಗೆ ಎರಡು ಬೆರಳು ಗಿಡ್ಡ.
ಆ ಎರಡು ಬೆರಳಗಲದಲ್ಲಿ
ಒಂದಿಡೀ ಜಾತಿ ಅರವತ್ತೈದು ವರ್ಷ ಓಡಿಕೊಂಡಿತ್ತು.

ಚಳಿಗಾಲ ಕಳೆದ ಮೇಲೆ ಮಾದ್ರಿದಿನಿಂದ ಕಾಗದ ಬಂತು.
ಲಕ್ಷದ ಅರವತ್ತು ಸಾವಿರ ಅಕ್ಷರಗಳ ಹಳೆಯ ಬರಹದ ನಡುವೆ
ಮೂರು ಸಾವಿರಕ್ಕೂ ಕಡಿಮೆ, ಬೇರೆ ಮಸಿಯವು.
ಯಾವ ಪ್ರಾಣಿಯ ಮೈಯೊಳಗೆ, ಯಾವ ರಾತ್ರಿ
ಎರಡು ವೈರಸ್ಸು ಒಂದೇ ಚಾಪೆಯಲ್ಲಿ ಮಲಗೆದ್ದು
ಬಟ್ಟೆ ಅದಲುಬದಲಾಯಿತೋ,
ಕೊಟ್ಟವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಪ್ರಯೋಗಾಲಯದ ಹುಡುಗಿ ಬೆಗೊನ್ಯಾ
ಆ ತುಂಡಿನಿಂದ ಒಂದು ಜೀನು ಕಿತ್ತು
ಲಿಯೆಬ್ರೆಯ ಕೋಶಗಳ ಮೇಲೆ ಸುರಿದು ಕಾದಳಂತೆ.
ಸೋಮವಾರ, ಮಂಗಳವಾರ, ತಟ್ಟೆ ಸುಮ್ಮನಿತ್ತು.
ಮತ್ತೆ ಸೇರಿಸಿದಳು.
ಗುರುವಾರ ಬೆಳಿಗ್ಗೆ ಮಿಡತೆ ತಿಂದ ಎಲೆಯ ಹಾಗೆ ತೂತು ತೂತು.
ಕಾಗದದ ಕೊನೆಗೆ, ಪೆನ್ನಿನಲ್ಲಿ:
"ಇಷ್ಟು ಚಿಕ್ಕದೆಂದು ಅಂದುಕೊಂಡಿರಲಿಲ್ಲ."

ಕಾಸಿಲ್ದಾ ಅದನ್ನು ಓದಿ ಹೇಳಿದಾಗ
ಸತುರ್ನಿನೊ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.
ಆ ವರ್ಷ ಅವನ ಮನೆಯಲ್ಲಿ ಮೊಲದ ಅನ್ನ ಮಾಡಿರಲಿಲ್ಲ.
ನಾಲ್ಕು ಮೈಲಿ ನಡೆದರೆ ಎದುರಾಗುತ್ತಿದ್ದುದು
ಮುನ್ನೂರು ಕಿವಿಗಳಲ್ಲ, ಏಳು.
ಏಳು ಹೇಗಪ್ಪಾ, ಬೆಸ ಸಂಖ್ಯೆ?
ಒಂದರದು ಒಂದು ಹರಿದಿತ್ತು, ಅಂದ.

ಆಮೇಲೆ ಕೇಳಿದ:
"ಪಾವೆಸಾಗೆ ಬರುತ್ತದಾ? ನನಗೆ?"
"ಬರುವುದಿ..." ಎಂದಳು, ನಿಲ್ಲಿಸಿದಳು.
ಕಿಟಕಿಯಾಚೆ ಕೂಳೆಯ ಬಯಲು ಬಿಳುಪಾಗಿ ಬಿದ್ದಿತ್ತು;
ಅಲ್ಲೆಲ್ಲೋ, ಒಂದು ಹಿಡಿಯಷ್ಟಿದ್ದದ್ದು,
ಹುಟ್ಟಿ ಗಂಟೆಯೂ ಆಗಿರದಿದ್ದದ್ದು,
ಕಣ್ಣು ಬಿಟ್ಟುಕೊಂಡು ಅಲುಗಾಡದೆ ಕೂತಿದ್ದಿರಬೇಕು.

"ಈವರೆಗೆ ಬಂದಿಲ್ಲ," ಎಂದಳು.